ಮಳೆಗಾಲಕ್ಕೆ ಮುಂಚೆ ತೋಟಕ್ಕೊಂದು ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಗಾಡಿ ಬೇಕು, ದಾರಿ ತೋರಿಸಿ

ಕಳಸದ ಹುಡುಗ (ಫೆಬ್ರವರಿ 9)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಕಳಸದ ಹತ್ತಿರ. ಟಾರು ರಸ್ತೆ ಮುಗಿದ ಮೇಲೆ ಮೂರೂವರೆ ಕಿಲೋಮೀಟರ್ ಮಣ್ಣು ದಾರಿ. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಜಾರುವ ಏರು. ಬೇಸಿಗೆಯಲ್ಲಿ ನಮ್ಮ ಹಳೆ ಆಲ್ಟೊ ಹೇಗೋ ಹತ್ತುತ್ತದೆ. ಜೂನ್ ಬಂತೆಂದರೆ ಕಾರು ರಸ್ತೆ ಪಕ್ಕದ ಶೆಡ್ಡಿನಲ್ಲೇ ನಿಲ್ಲುತ್ತದೆ, ಅಲ್ಲಿಂದ ಮನೆಗೆ ನಡಿಗೆ.

ಕಳೆದ ಜುಲೈನಲ್ಲಿ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ಪಕ್ಕದ ಮನೆಯವರ ಜೀಪು ಅವತ್ತು ಊರಲ್ಲಿರಲಿಲ್ಲ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಹಿಡಿದು ರಸ್ತೆಗೆ ಇಳಿಸಿದರು. ನಾನು ಬೆಂಗಳೂರಿನಲ್ಲಿ ಫೋನ್ ಹಿಡಿದುಕೊಂಡು ಕೂತಿದ್ದೆ. ಅಪ್ಪ ಈಗ ಆರಾಮಾಗಿದ್ದಾರೆ. ಆದರೆ ಇನ್ನೊಂದು ಮಳೆಗಾಲ ಹಾಗೆ ಕಳೆಯಲು ನಾನು ತಯಾರಿಲ್ಲ. ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯೇ ಬೇಕು.

ಬಜೆಟ್ ಒಟ್ಟು ಏಳೂವರೆ ಲಕ್ಷ, ರಿಪೇರಿ ಸೇರಿ. ಗಾಡಿ ತೋಟದಲ್ಲೇ ಇರುತ್ತದೆ. ಓಡಿಸುವುದು ಜಾಸ್ತಿ ಅಪ್ಪ, ವಯಸ್ಸು 71. ಒಂದೆರಡು ಮೂಟೆ ಗೊಬ್ಬರ, ವಾರಕ್ಕೊಮ್ಮೆ ಕಳಸದ ಪೇಟೆ, ಯಾವಾಗಲಾದರೂ ಚಾರ್ಮಾಡಿ ಇಳಿದು ಉಜಿರೆಗೆ. ಮಾರುತಿ ಜಿಪ್ಸಿ, ಮಹೀಂದ್ರದ ಹಳೆ ಥಾರ್, ಬೊಲೆರೊ, ಎಲ್ಲರೂ ಒಂದೊಂದು ಹೇಳುತ್ತಾರೆ. ನನಗೆ ಗಾಡಿ ಓಡಿಸಲು ಬರುತ್ತದೆ, ಕೆಳಗೆ ಬಗ್ಗಿ ನೋಡಿದರೆ ಏನೂ ತಿಳಿಯುವುದಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಮೂಡಿಗೆರೆ ಜೀಪು (ಫೆಬ್ರವರಿ 9)

ಅಪ್ಪ ಓಡಿಸುತ್ತಾರೆ ಎಂದಿರಲ್ಲ, ಅದನ್ನೇ ಮೊದಲು ಗಟ್ಟಿಯಾಗಿ ಹಿಡಿದುಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ನನ್ನ ಹತ್ತಿರ ಜಿಪ್ಸಿ ಇದೆ, ಹನ್ನೆರಡು ವರ್ಷದಿಂದ. ಕೆಸರಿನಲ್ಲಿ ಅದರ ಸಮ ಇನ್ನೊಂದಿಲ್ಲ ಅನ್ನುವವನು ನಾನು. ಸುಮಾರು ಒಂದು ಟನ್ ತೂಕ, ಅಷ್ಟೇ. ಭಾರದ ಗಾಡಿ ಹೂತು ಕೂರುವ ಕಡೆ ಇದು ಮೇಲ್ಮೇಲೆ ಹೋಗಿಬಿಡುತ್ತದೆ. 1985ರ ಕೊನೆಗೆ ಬಂದಾಗ ಇದಕ್ಕೆ 970 ಸಿಸಿ ಎಂಜಿನ್ ಇತ್ತು. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು, ಅದರಲ್ಲೇ ಮುಂದೆ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಎಂಜಿನ್. ತಗೊಳ್ಳುವುದಾದರೆ ಎಂಪಿಎಫ್‌ಐ ತಗೊಳ್ಳಿ. ಬಿಡಿಭಾಗ ಇವತ್ತಿಗೂ ಸಿಗುತ್ತದೆ.

ಆದರೆ ಸ್ಟೇರಿಂಗ್ ಭಾರ. ಮುಂದೆಯೂ ಹಿಂದೆಯೂ ಪಟ್ಟಾ (ಲೀಫ್ ಸ್ಪ್ರಿಂಗ್), ಸಣ್ಣ ಗುಂಡಿಗೂ ಸೊಂಟಕ್ಕೆ ಹೊಡೆತ. 71 ವರ್ಷದವರಿಗೆ, ಅದೂ ಎದೆನೋವು ಕಂಡವರಿಗೆ, ನಾನು ಹೇಳಲಾರೆ. ಪ್ರೀತಿಯಿಂದ ಹೇಳುವುದಕ್ಕೂ ಒಂದು ಮಿತಿ ಇದೆ.

ನಿಮಗೆ ಹಳೆ ಥಾರ್ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್ ಎಂಜಿನ್ನಿನದು) ಸರಿ. 2010ರ ಅಕ್ಟೋಬರ್‌ನಲ್ಲಿ ಬಂದದ್ದು. 2.5 ಲೀಟರ್ ಡೀಸೆಲ್, 105 ಎಚ್‌ಪಿ, ಪವರ್ ಸ್ಟೇರಿಂಗ್, ಎಸಿ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರವೂ ಬೇರೆ ಬೇರೆಯಾಗಿ ಏರಿಳಿಯುವುದು) ಇರುವುದರಿಂದ ಜಿಪ್ಸಿಯಷ್ಟು ಕುಲುಕುವುದಿಲ್ಲ. 2015ರಲ್ಲಿ ಡ್ಯಾಶ್‌ಬೋರ್ಡ್ ಬದಲಾಯಿಸಿ, ಹಿಂದಿನ ಆಕ್ಸಲಿಗೆ ಲಾಕಿಂಗ್ ಡಿಫರೆನ್ಷಿಯಲ್ ಕೂಡ ಕೊಡಲು ಶುರು ಮಾಡಿದರು. ಡಿಫರೆನ್ಷಿಯಲ್ ಅಂದರೆ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಲಾಕಿಂಗ್ ಅಂದರೆ ಬೇಕಾದಾಗ ಅವೆರಡನ್ನೂ ಒಟ್ಟಿಗೆ ಹಿಡಿಯುವುದು. ಒಂದು ಚಕ್ರ ಜಾರಿ ಸುಮ್ನೆ ತಿರುಗುವಾಗ ಅದು ತಾನೇ ಹಿಡಿದು ಇನ್ನೊಂದಕ್ಕೂ ಶಕ್ತಿ ಕೊಡುತ್ತದೆ. ಸಿಕ್ಕರೆ ಅಂಥದ್ದೇ ನೋಡಿ.

ಒಂದು ಎಚ್ಚರ. ಥಾರ್ ಎಂದ ಮಾತ್ರಕ್ಕೆ ಫೋರ್ ವೀಲ್ ಅಲ್ಲ. ಹಳೆಯದರಲ್ಲಿ ಡಿಐ ಎಂಬ ಇನ್ನೊಂದು ಎಂಜಿನ್ನಿನ ಟೂ ವೀಲ್ ಡ್ರೈವ್ ಇತ್ತು. 2023ರ ಜನವರಿಯಿಂದ ಹೊಸ ಥಾರಿನಲ್ಲೂ ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿ ಇದೆ. ಜಾಹೀರಾತು ಹಾಕುವವರು ಇದನ್ನು ಬರೆಯುವುದೇ ಇಲ್ಲ. ಫೋನಿನಲ್ಲೇ ಕೇಳಿ, ಗೇರ್ ಲಿವರ್ ಪಕ್ಕದ ಫೋಟೊ ಕಳಿಸಲು ಹೇಳಿ. ಫೋರ್ ವೀಲ್ ಹಾಕುವ ಎರಡನೇ ಲಿವರ್ ಕಾಣದಿದ್ದರೆ ಪೆಟ್ರೋಲ್ ಸುಟ್ಟುಕೊಂಡು ನೋಡಲು ಹೋಗಬೇಡಿ.

ಕುಶಾಲನಗರ (ಫೆಬ್ರವರಿ 10)

ಮೇಲಿನವರ ಮಾತು ಸರಿ. ನಮ್ಮ ಕಡೆಯಿಂದ ಒಂದು ಸೇರಿಸುತ್ತೇನೆ. ಟೂರಿಸ್ಟರನ್ನು ಹೊತ್ತು ದುಡಿದ ಗಾಡಿ ಮುಟ್ಟಬೇಡಿ ಅಣ್ಣ.

ಮಾಂದಲಪಟ್ಟಿ, ಕೊಡಚಾದ್ರಿ, ಚಿಕ್ಕಮಗಳೂರಿನ ಝರಿ ಫಾಲ್ಸ್, ಈ ದಾರಿಗಳಲ್ಲಿ ದುಡಿದ ಜೀಪುಗಳು ಬೇಸಿಗೆ ಮುಗಿದ ಮೇಲೆ ಮಾರಾಟಕ್ಕೆ ಬರುತ್ತವೆ. ಹೊಸ ಪೇಂಟು, ಹೊಸ ಸೀಟು, ಥಳಥಳ ಅನ್ನುತ್ತವೆ. ದಿನಕ್ಕೆ ನಾಲ್ಕೈದು ಸಲ ಆರೇಳು ಜನರನ್ನು ಹೊತ್ತು ಕಲ್ಲಿನ ಮೇಲೆ ಹತ್ತಿ ಇಳಿದ ಗಾಡಿ ಅದು. ಓಡಿಸುವ ಹುಡುಗರು ಅದರಲ್ಲೇ ಹೊಟ್ಟೆ ಹೊರೆಯುವವರು, ಅವರ ತಪ್ಪಲ್ಲ. ಆದರೆ ಚಾಸಿ, ಕ್ಲಚ್ಚು, ಆಕ್ಸಲು ಎಲ್ಲ ಸೋತಿರುತ್ತದೆ. ಹಿಂದಿನ ಹಿಡಿಕೆಯ ಪೇಂಟ್ ಕೈ ತಾಗಿ ಹೋಗಿದೆಯಾ, ಹಿಂಬಾಗಿಲ ಮೆಟ್ಟಿಲು ಸವೆದಿದೆಯಾ ನೋಡಿ. ಮನೆ ಬಳಕೆಯ ಗಾಡಿಯ ಮೆಟ್ಟಿಲು ಅಷ್ಟು ಸವೆಯುವುದಿಲ್ಲ.

ಎಸ್ಟೇಟಿನ ಗಾಡಿಗೂ ಒಂದು ಕಣ್ಣಿಡಿ. ಮೀಟರಿನಲ್ಲಿ ನಲವತ್ತು ಸಾವಿರ ಕಿಲೋಮೀಟರ್ ಅಂತ ಇರುತ್ತದೆ, ನಾವು ಖುಷಿ ಪಡುತ್ತೇವೆ. ಅದು ಪೂರ್ತಿ ಫಸ್ಟು ಸೆಕೆಂಡು ಗೇರಿನಲ್ಲಿ, ಲೋ ರೇಂಜಿನಲ್ಲಿ (ನಿಧಾನಕ್ಕೆ, ಜಾಸ್ತಿ ಬಲದಿಂದ ಎಳೆಯುವ ಗೇರು) ಓಡಿದ ನಲವತ್ತು ಸಾವಿರ. ಎಂಜಿನ್ ಎಷ್ಟು ಗಂಟೆ ತಿರುಗಿದೆ ಅಂತ ಮೀಟರಿಗೆ ಗೊತ್ತಿಲ್ಲ. ಜೊತೆಗೆ ಗೊಬ್ಬರ. ಯೂರಿಯಾ, ಪೊಟ್ಯಾಷ್ ಚೆಲ್ಲಿ, ಮಳೆ ನೀರು ಸೇರಿ ಹಿಂದಿನ ಫ್ಲೋರ್ ತಿಂದುಬಿಡುತ್ತದೆ. ಮ್ಯಾಟ್ ಎತ್ತಿ ನೋಡದೆ ದುಡ್ಡಿನ ಮಾತೇ ಬೇಡ.

ಹಾಸನ ಗ್ಯಾರೇಜು (ಫೆಬ್ರವರಿ 11)

ಸರ್, ನಾನು ಮೆಕ್ಯಾನಿಕ್. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಮೇಲೆ ನೋಡಬೇಡಿ, ಕೆಳಗೆ ನೋಡಿ. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಒಂದು ಟಾರ್ಚು, ಒಂದು ಹಳೆ ಬೆಡ್‌ಶೀಟು, ಒಂದು ಸಣ್ಣ ಸುತ್ತಿಗೆ ತಗೊಂಡು ಹೋಗಿ. ಮಾರುವವರಿಗೆ ಮೊದಲೇ ಹೇಳಿ, ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬಿಸಿ ಇದ್ದರೆ ನಿಮಗಿಂತ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ಡೀಸೆಲ್ ಎಂಜಿನ್ ತಣ್ಣಗಿದ್ದಾಗ ಹೇಗೆ ಏಳುತ್ತದೆ ಅನ್ನುವುದೇ ಅದರ ಆರೋಗ್ಯ.

ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅಲ್ಲೇ ಮಗುಚಿ ಇಡಿ. ಸಣ್ಣಗೆ ಅಲುಗಿದರೆ ಪರವಾಗಿಲ್ಲ. ಕುಣಿದು ಬಿದ್ದರೆ, ಅಲ್ಲಿಂದ ಹೊಗೆ ಬುಸುಬುಸು ಬಂದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ಸಿಲಿಂಡರಿನ ಒತ್ತಡ ಕೆಳಗೆ ಸೋರುತ್ತಿದೆ. ಎಂಜಿನ್ ಬಿಚ್ಚುವ ಕಾಲ ಹತ್ತಿರ ಬಂದಿದೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬಿಸಿ ಆದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗಿನ ಸೀಲು) ಹೋಗಿದೆ ಅಂತ ಅನುಮಾನ ಪಡಿ.

ಈಗ ಬೆಡ್‌ಶೀಟ್ ಹಾಸಿ ಕೆಳಗೆ ಮಲಗಿ. ಚಾಸಿ ಮೇಲೆ ಹೊಸದಾಗಿ ಕಪ್ಪು ಪೇಂಟ್ ಹೊಡೆದಿದ್ದರೆ ಖುಷಿ ಪಡಬೇಡಿ, ಅನುಮಾನ ಪಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಒಳಗೆ ತುಕ್ಕು ತಿಂದಿದ್ದರೆ ಡಬ್ ಅನ್ನುತ್ತದೆ. ಪಟ್ಟಾ ಕೂರುವ ಹ್ಯಾಂಗರ್ ಹತ್ತಿರ, ಬಾಡಿ ಮೌಂಟ್ ಹತ್ತಿರ ವೆಲ್ಡಿಂಗ್ ಗುರುತು ಹುಡುಕಿ. ಕಂಪನಿಯ ವೆಲ್ಡಿಂಗ್ ಒಂದೇ ಸಮ ಇರುತ್ತದೆ. ಆಮೇಲೆ ಮಾಡಿಸಿದ್ದು ಗಂಟು ಗಂಟಾಗಿರುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಕಡಲ ಹತ್ತಿರವೇ ನಿಂತ ಗಾಡಿಯಾದರೆ ಇದನ್ನು ಎರಡು ಸಲ ನೋಡಿ.

ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲಿಗೆ ಶಕ್ತಿ ಒಯ್ಯುವ ಉದ್ದದ ದಂಡ) ಕೈಯಲ್ಲಿ ಹಿಡಿದು ತಿರುಚಿ. ಟಕ್ ಟಕ್ ಅಂದರೆ ಅದರ ತುದಿಯ ಜಾಯಿಂಟ್, ಅಂದರೆ ಕ್ರಾಸ್ ಹೋಗಿದೆ. ಅದು ಸಣ್ಣ ಖರ್ಚು, ಹೆದರಬೇಡಿ. ಹೆದರಬೇಕಾದದ್ದು ಡಿಫರೆನ್ಷಿಯಲ್. ಆಯಿಲ್ ಹಾಕುವ ಬೋಲ್ಟ್ ಬಿಚ್ಚಿ, ಬೆರಳು ಹಾಕಿ ನೋಡಿ. ಆಯಿಲ್ ಕಾಫಿಗೆ ಹಾಲು ಬೆರೆಸಿದ ಹಾಗೆ ಆಗಿದ್ದರೆ ಹಳ್ಳ ದಾಟುವಾಗ ನೀರು ಒಳಗೆ ಹೋಗಿದೆ, ಯಾರೂ ಬದಲಾಯಿಸಿಲ್ಲ. ಆ ಒಂದು ಬೆರಳು ಹೇಳುವಷ್ಟು ಸತ್ಯ ಮಾರುವವನ ಬಾಯಿ ಹೇಳುವುದಿಲ್ಲ ಸರ್.

ಥಾರ್ ಆದರೆ ಮುಂದಿನ ಆಕ್ಸಲಿನ ರಬ್ಬರ್ ಬೂಟ್ (ಜಾಯಿಂಟ್ ಮುಚ್ಚುವ ಹೊದಿಕೆ) ನೋಡಿ. ಕೆಲವರು ಗಾಡಿ ಎತ್ತರ ಕಾಣಲಿ ಅಂತ ಮುಂದಿನ ಟಾರ್ಷನ್ ಬಾರ್ (ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಬೋಲ್ಟ್ ತಿರುಗಿಸಿ ಏರಿಸಿರುತ್ತಾರೆ. ಆಗ ಆಕ್ಸಲ್ ಓರೆಯಾಗಿ ಬೂಟ್ ಹರಿಯುತ್ತದೆ. ಒಳಗೆ ಕೆಸರು ಹೋಗಿ ಜಾಯಿಂಟ್ ಕಟಕಟ ಅನ್ನಲು ಶುರುವಾಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಬಿಟ್ಟರೆ ಕೇಳಿಸುತ್ತದೆ.

ಕ್ಲಚ್ಚಿಗೆ ಸುಲಭದ ಪರೀಕ್ಷೆ. ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ಆಫ್ ಆಗಬೇಕು. ಆಫ್ ಆಗದೆ ಸುಮ್ನೆ ತಿರುಗುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಒಂದೇ ಸಲ ಮಾಡಿ, ಮತ್ತೆ ಮತ್ತೆ ಬೇಡ.

ಕಳಸದ ಹುಡುಗ (ಫೆಬ್ರವರಿ 11)

ಅಣ್ಣಾ, ಇದನ್ನು ಕಾಗದದ ಮೇಲೆ ಬರೆದುಕೊಂಡೆ. ಫೋರ್ ವೀಲ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯುವುದು ಹೇಗೆ? ಲಿವರ್ ಬಿದ್ದರೆ ಸಾಕಾ?

ಹಾಸನ ಗ್ಯಾರೇಜು (ಫೆಬ್ರವರಿ 11)

ಸಾಲದು. ಲಿವರ್ ಬೀಳುತ್ತದೆ, ದೀಪವೂ ಉರಿಯಬಹುದು, ಮುಂದಿನ ಚಕ್ರಕ್ಕೆ ಶಕ್ತಿ ಹೋಗದೇ ಇರಬಹುದು. ಗಾಡಿಯನ್ನು ಮಣ್ಣಿಗೆ ಇಳಿಸಲೇಬೇಕು. ಒದ್ದೆ ಏರಿನಲ್ಲಿ ಮೊದಲು ಟೂ ವೀಲಿನಲ್ಲಿ ಪ್ರಯತ್ನಿಸಿ, ಹಿಂದಿನ ಚಕ್ರ ಜಾರಲಿ. ಆಮೇಲೆ ಫೋರ್ ವೀಲ್ ಹಾಕಿ ಅದೇ ಜಾಗದಲ್ಲಿ ಹತ್ತಿಸಿ. ಹೊರಗೆ ಒಬ್ಬರು ನಿಂತು ಮುಂದಿನ ಚಕ್ರ ಎಳೆಯುತ್ತಿದೆಯಾ ನೋಡಲಿ. ಪೂರ್ತಿ ನಿಲ್ಲಿಸಿ ಲೋ ರೇಂಜಿಗೂ ಹಾಕಿ ನೋಡಿ. ಬೀಳಲು ಹಟ ಮಾಡಿದರೆ, ಅಥವಾ ಎಳೆಯುವಾಗ ಲಿವರ್ ತಾನೇ ಹಾರಿ ಬಂದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಸವೆದಿದೆ.

ಜಿಪ್ಸಿಯಾದರೆ ಮುಂದಿನ ಚಕ್ರದ ಹಬ್ ಲಾಕ್ (ಚಕ್ರವನ್ನು ಆಕ್ಸಲಿಗೆ ಜೋಡಿಸುವ ತಿರುಗಣೆ) ಎರಡೂ ಕಡೆಯದು ಕೈಯಿಂದ ತಿರುಗಬೇಕು. ವರ್ಷಗಟ್ಟಲೆ ಮುಟ್ಟದೆ ಕಚ್ಚಿಕೊಂಡಿರುತ್ತವೆ. ಹಬ್ ಲಾಕ್ ಮಾಡದೆ ಒಳಗಿನ ಲಿವರ್ ಹಾಕಿದರೆ ಪ್ರಯೋಜನ ಇಲ್ಲ.

ಇದು ಅಪ್ಪನಿಗೂ ಹೇಳಿಕೊಡಿ. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಬಾರದು. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲಿನ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕು, ಶಾಫ್ಟ್ ಬಿಡುವುದಿಲ್ಲ. ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿ ಮಾಡಿಕೊಳ್ಳುತ್ತದೆ. ಟಾರಿನಲ್ಲಿ ಪೂರ್ತಿ ಒತ್ತಡ ಗೇರಿನ ಮೇಲೆ ಬೀಳುತ್ತದೆ.

ದೆಹಲಿ ಕನ್ನಡಿಗ (ಫೆಬ್ರವರಿ 13)

ಆನ್‌ಲೈನ್ ಜಾಹೀರಾತಿನಲ್ಲಿ ದೆಹಲಿ ಗಾಡಿ ಕಡಿಮೆ ದರಕ್ಕೆ ಕಂಡರೆ ಅದರ ಹಿಂದಿನ ಕಾರಣ ತಿಳಿದಿರಲಿ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಓಡಲು ನಿರ್ಬಂಧ ಬಂತು. ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಹಾಗಾಗಿ ಹತ್ತು ವರ್ಷದ ಹತ್ತಿರ ಬಂದ ಒಳ್ಳೆ ಡೀಸೆಲ್ ಗಾಡಿಗಳನ್ನೂ ಇಲ್ಲಿಯವರು ಬೇಗ ಮಾರಿಬಿಡುತ್ತಿದ್ದರು. ನಾನೇ ಮಾರಿದ್ದೇನೆ, ಬೇಜಾರಿನಿಂದಲೇ.

ಒಣ ಹವೆ, ತುಕ್ಕು ಕಡಿಮೆ, ಅದು ನಿಜ. ಆದರೆ ಲೆಕ್ಕ ಹಾಕುವಾಗ ಪೂರ್ತಿ ಹಾಕಿ. ದೆಹಲಿಯ ಆರ್‌ಟಿಓದಿಂದ ಎನ್‌ಓಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಸಾಗಾಟ, ಕರ್ನಾಟಕದಲ್ಲಿ ಮರುನೋಂದಣಿ, ಮೇಲೆ ಜೀವಾವಧಿ ತೆರಿಗೆ. ಹೊರರಾಜ್ಯದ ನಂಬರಿನಲ್ಲೇ ಬಹಳ ದಿನ ಓಡಿಸಲು ಆಗುವುದಿಲ್ಲ. 12 ತಿಂಗಳು ದಾಟಿದರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು. ಬೆಂಗಳೂರಿನಲ್ಲಿ ಕೂತು ಓಡಾಡುವವರಿಗೆ ಇದು ಕಷ್ಟವಲ್ಲ. ನಿಮ್ಮ ಅಪ್ಪನನ್ನು ಆರ್‌ಟಿಓ ಕಚೇರಿಗೆ ನಾಲ್ಕು ಸಲ ಅಲೆಸಬೇಡಿ. ಕೆಎ 18 (ಚಿಕ್ಕಮಗಳೂರಿನ ನಂಬರ್) ಅಥವಾ ಅಕ್ಕಪಕ್ಕದ್ದೇ ಹುಡುಕಿ.

ಶಿರಸಿ ಅಡಿಕೆ (ಫೆಬ್ರವರಿ 14)

ಮಿಲಿಟರಿ ಹರಾಜಿನ ಜಿಪ್ಸಿ ಹೇಗೆ? ನಮ್ಮೂರಲ್ಲಿ ಒಬ್ಬರು ಎರಡು ಲಕ್ಷಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಇನ್ನೂ ಹಸಿರು ಬಣ್ಣದಲ್ಲೇ ಇದೆ.

ಮೂಡಿಗೆರೆ ಜೀಪು (ಫೆಬ್ರವರಿ 14)

ಹರಾಜಿನ ಕಾಗದ, ಮಾರಾಟದ ಆದೇಶ, ಹಣ ಕಟ್ಟಿದ ರಸೀದಿ, ಎಲ್ಲ ಮೂಲಪ್ರತಿ ಇದೆಯಾ? ನಿಮ್ಮ ಆರ್‌ಟಿಓ ಇದನ್ನು ನೋಂದಣಿ ಮಾಡಿಕೊಡುತ್ತದೆಯಾ ಅಂತ ಮೊದಲು ಅಲ್ಲೇ ಹೋಗಿ ಕೇಳಿ. ಎರಡಕ್ಕೂ ಹೌದು ಎಂಬ ಉತ್ತರ ಸಿಗುವವರೆಗೆ ಒಂದು ರೂಪಾಯಿಯೂ ಕೊಡಬೇಡಿ. ನಂಬರ್ ಆಗದ ಗಾಡಿ ತೋಟದ ಒಳಗೆ ಮಾತ್ರ. ಗೇಟು ದಾಟಿ ಯಾರಿಗಾದರೂ ತಾಗಿದರೆ ಇನ್ಶೂರೆನ್ಸ್ ಇಲ್ಲ, ಜೀವನಪೂರ್ತಿ ಕೋರ್ಟು. ಹಸಿರು ಬಣ್ಣವನ್ನೂ ಬದಲಾಯಿಸಿಬಿಡಿ, ಸೇನೆಯ ಬಣ್ಣದಲ್ಲಿ ಓಡಿಸುವ ಹಾಗಿಲ್ಲ.

ತರೀಕೆರೆ (ಫೆಬ್ರವರಿ 16)

ನನ್ನದೊಂದು ಅನುಭವ ಹೇಳುತ್ತೇನೆ, ಇನ್ನೊಬ್ಬರಿಗೆ ಆಗಬಾರದು.

ಎರಡು ವರ್ಷದ ಹಿಂದೆ ಒಬ್ಬ ಬ್ರೋಕರ್ ಮೂಲಕ ಜೀಪು ನೋಡಿದೆ. ಗಾಡಿ ಚೆನ್ನಾಗಿತ್ತು. ಇವತ್ತೇ ಇನ್ನೊಬ್ಬರು ಬರುತ್ತಾರೆ, ಟೋಕನ್ ಹಾಕಿ ಅಂದರು. ಐವತ್ತು ಸಾವಿರ ಕೊಟ್ಟೆ. ಆಮೇಲೆ ನೋಡಿದರೆ ಗಾಡಿ ಮೇಲೆ ಸಾಲ ಇದೆ. ಮಾಲೀಕರು ಸಾಲ ತೀರಿಸಿದ್ದೇನೆ ಅನ್ನುತ್ತಾರೆ, ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಹಾಗೇ ಇದೆ. ಬ್ರೋಕರ್ ಫೋನ್ ಎತ್ತಲಿಲ್ಲ. ಏಳು ತಿಂಗಳು ಓಡಾಡಿ ಮೂವತ್ತು ಸಾವಿರ ವಾಪಸ್ ಬಂತು. ಹೆಂಡತಿಯ ಒಡವೆ ಇಟ್ಟು ತಂದ ದುಡ್ಡು ಅದು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಷ್ಟೋ ವಿಷಯ ಅಲ್ಲೇ ಕಾಣುತ್ತದೆ. ಐದು ನಿಮಿಷದ ಕೆಲಸ. ನಾನು ಮಾಡಲಿಲ್ಲ.

ಚಿಕ್ಕಮಗಳೂರು ಕಾಗದಪತ್ರ (ಫೆಬ್ರವರಿ 16)

ತರೀಕೆರೆಯವರೇ, ಓದಿ ಸಂಕಟವಾಯಿತು. ನಾನು ಇಪ್ಪತ್ತು ವರ್ಷ ಗಾಡಿ ಕಾಗದದ ಕೆಲಸವೇ ಮಾಡಿದವನು. ಹುಡುಗನಿಗೆ ಹೇಳುತ್ತೇನೆ, ಬೇರೆಯವರೂ ಓದಿಕೊಳ್ಳಿ.

ಗಾಡಿ ಇಷ್ಟವಾದರೆ ಟೋಕನ್ ಕೊಡುವ ಮುಂಚೆ ಆರ್‌ಟಿಓದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಅದರಲ್ಲಿ ಮಾಲೀಕರು, ತೆರಿಗೆ, ಸಾಲದ ವಿವರ ಇರುತ್ತದೆ. ಆಮೇಲೆ ಚಾಸಿ ನಂಬರು ಗಾಡಿಯ ಮೇಲೆ ಕೆತ್ತಿದ್ದಕ್ಕೂ ಆರ್‌ಸಿಗೂ ಒಂದೊಂದು ಅಕ್ಷರ ತಾಳೆ ಮಾಡಿ. ತುಕ್ಕಿನಿಂದ ಕಾಣದಿದ್ದರೆ ಡೀಸೆಲಿನಲ್ಲಿ ಬಟ್ಟೆ ಅದ್ದಿ ಒರೆಸಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಹಳೆ ಜೀಪುಗಳಲ್ಲಿ ಎಂಜಿನ್ ಬದಲಾಯಿಸುವುದು ಮಾಮೂಲು, ಎಂಜಿನ್ ನಂಬರಂತೂ ನೋಡಲೇಬೇಕು.

ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಓಸಿ ಮತ್ತು ಆರ್‌ಸಿಯಿಂದ ಸಾಲದ ಹೆಸರು ತೆಗೆಸುವ ಫಾರಂ 35 ಬೇಕು. ಮಾಲೀಕತ್ವ ಬದಲಾಯಿಸಲು ಫಾರಂ 29 ಮತ್ತು 30. ಇನ್ಶೂರೆನ್ಸನ್ನು 14 ದಿನದ ಒಳಗೆ ನಿಮ್ಮ ಹೆಸರಿಗೆ ಮಾಡಿಸಿ. ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದರ ವ್ಯತ್ಯಾಸ ಕಟ್ಟಬೇಕು.

15 ವರ್ಷದ ಹತ್ತಿರ ಬಂದ ಗಾಡಿಯಾದರೆ ಆರ್‌ಸಿ ನವೀಕರಣದ ಖರ್ಚು ಸೇರಿಸಿಕೊಳ್ಳಿ. ಹಿಂದೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ ಕಾರು ಜೀಪಿಗೆ 5000 ಆಯಿತು. ಹಸಿರು ತೆರಿಗೆ ಬೇರೆ. ನವೀಕರಣಕ್ಕೆ ಗಾಡಿಯನ್ನು ತೋರಿಸಬೇಕು, ಆಗ ಅಗಲದ ಟೈರು, ಬಂಪರಿನ ಮುಂದಿನ ಕಬ್ಬಿಣದ ಬುಲ್ ಬಾರು ಎಲ್ಲ ಅಡ್ಡ ಬರುತ್ತದೆ. ಬುಲ್ ಬಾರನ್ನು 2017ರ ಕೊನೆಯಲ್ಲೇ ಕೇಂದ್ರ ಸರ್ಕಾರ ಬೇಡ ಅಂದಿದೆ. ಗಾಡಿಯ ಮೂಲ ರೂಪ ಬದಲಾಯಿಸುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಬೆಂಗಳೂರು ಆಫ್‌ರೋಡು (ಫೆಬ್ರವರಿ 17)

ನಾನು ಗಾಡಿಗೆ ಎತ್ತರಿಸುವ ಲಿಫ್ಟ್ ಕಿಟ್, ಹೂತಾಗ ಎಳೆಯುವ ವಿಂಚ್ ಎಲ್ಲ ಹಾಕಿದವನು. ಅದರಲ್ಲಿ ನನಗೆ ಖುಷಿ ಇದೆ. ಆದರೂ ಹೇಳುತ್ತೇನೆ, ನಿಮ್ಮ ಅಪ್ಪನಿಗೆ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿ ತಗೊಳ್ಳಿ. ಜಾಸ್ತಿ ಬದಲಾಯಿಸಿದ ಗಾಡಿಯ ರಿಪೇರಿ ಮಾಡಿದವನಿಗೆ ಮಾತ್ರ ಗೊತ್ತಿರುತ್ತದೆ. ಕಳಸದಲ್ಲಿ ರಾತ್ರಿ ಎಂಟು ಗಂಟೆಗೆ ವೈರಿಂಗ್ ಸುಟ್ಟರೆ ಯಾರನ್ನು ಕರೆಯುತ್ತೀರಿ?

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಬಟನ್ (ಟೈರಿನ ಮೇಲಿನ ಹಲ್ಲು) ಎಷ್ಟೇ ಚೆನ್ನಾಗಿದ್ದರೂ ಆರೇಳು ವರ್ಷ ದಾಟಿದ ಟೈರ್ ಗಟ್ಟಿಯಾಗಿ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಐದು ಟೈರಿನ ದುಡ್ಡು ಚೌಕಾಸಿಯಲ್ಲಿ ಇಳಿಸಿ.

ಇನ್ನೊಂದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಹೊರಗೆ ಎಳೆಯಿರಿ. ನೆರೆ ನೀರಿನಲ್ಲಿ ಮುಳುಗಿದ ಗಾಡಿಯಾದರೆ ಒಳಗೆ ಸುತ್ತಿಕೊಂಡ ಭಾಗದಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟು, ಮ್ಯಾಟು ಎಲ್ಲ ತೊಳೆಯುತ್ತಾರೆ, ಅದನ್ನು ತೊಳೆಯಲು ಮರೆಯುತ್ತಾರೆ.

ಕಳಸದ ಹುಡುಗ (ಮಾರ್ಚ್ 3)

ಮೊದಲನೇ ಗಾಡಿ ನೋಡಿ ಬಂದೆ. 2014ರ ಥಾರ್, ಸಕಲೇಶಪುರದ ಕಡೆ, ಆರು ಲಕ್ಷ ಹತ್ತು ಸಾವಿರ ಹೇಳಿದರು. ದೂರದಿಂದ ನೋಡಿದಾಗ ಮನಸ್ಸು ಕುಣಿಯಿತು. ಕಪ್ಪು ಬಣ್ಣ, ದೊಡ್ಡ ಟೈರು.

ಬಾನೆಟ್ ಬಿಸಿ ಇತ್ತು. ಬೆಳಿಗ್ಗೆ ಹಾಲು ತರಲು ಹೋಗಿದ್ದೆವು ಅಂದರು. ಹಿಂದಿನ ಮ್ಯಾಟ್ ಎತ್ತಿದೆ. ಕುಶಾಲನಗರದವರು ಹೇಳಿದ ಹಾಗೇ ಇತ್ತು. ಮೇಲೆ ಪೇಂಟ್, ಕೆಳಗೆ ಪುಟ್ಟಿ. ಬೆರಳಿನಲ್ಲಿ ಒತ್ತಿದರೆ ತಗ್ಗಾಯಿತು. ಮುಂದಿನ ಎರಡೂ ಬೂಟ್ ಹರಿದಿತ್ತು. ಡಿಫರೆನ್ಷಿಯಲ್ ಬೋಲ್ಟ್ ಬಿಚ್ಚುತ್ತೇನೆ ಅಂದಾಗ ಅವರು ಬೇಡ ಅಂದರು. ಕೈ ಮುಗಿದು ಬಂದೆ.

ಈ ಕಾಗದ ಕೈಯಲ್ಲಿ ಇಲ್ಲದಿದ್ದರೆ ಅವತ್ತೇ ಟೋಕನ್ ಕೊಡುತ್ತಿದ್ದೆ. ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯುತ್ತಿಲ್ಲ.

ಹಾಸನ ಗ್ಯಾರೇಜು (ಮಾರ್ಚ್ 3)

ಬೋಲ್ಟ್ ಬಿಚ್ಚಬೇಡಿ ಅಂದರಲ್ಲ, ಅಲ್ಲಿಗೆ ಉತ್ತರ ಸಿಕ್ಕಿತು ಸರ್. ಚೆನ್ನಾಗಿಟ್ಟುಕೊಂಡವರು ತಾವೇ ಸ್ಪಾನರ್ ತಂದುಕೊಡುತ್ತಾರೆ.

ಕೊಪ್ಪದ ಅಕ್ಕ (ಮಾರ್ಚ್ 5)

ತಮ್ಮಾ, ಜಾಹೀರಾತಿನಲ್ಲಿ ಹುಡುಕುವುದನ್ನು ಸ್ವಲ್ಪ ನಿಲ್ಲಿಸು. ಒಳ್ಳೆ ಗಾಡಿ ಜಾಹೀರಾತಿಗೆ ಬರುವ ಮುಂಚೆಯೇ ಕೈ ಬದಲಾಗುತ್ತದೆ. ನಮ್ಮ ಮನೆಯ ಗಾಡಿ ಮೂರೂ ಹಾಗೇ ಬಂದದ್ದು.

ಪಟ್ಟಾ ಕೆಲಸ ಮಾಡುವವರನ್ನು ಕೇಳು. ಟೈರ್ ಅಂಗಡಿಯವರನ್ನು ಕೇಳು. ಗೊಬ್ಬರದ ಸೊಸೈಟಿಯಲ್ಲಿ ಹೇಳಿಡು. ಯಾರ ಮನೆಯಲ್ಲಿ ವಯಸ್ಸಾದವರು ಓಡಿಸುವುದನ್ನು ಬಿಟ್ಟಿದ್ದಾರೆ, ಯಾರ ಮಕ್ಕಳು ಅಪ್ಪ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದಾರೆ, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಅಂಥ ಮನೆಯ ಗಾಡಿ ಹುಡುಕು. ಅವರಿಗೂ ಗಾಡಿ ಒಳ್ಳೆ ಕೈಗೆ ಹೋದರೆ ಸಮಾಧಾನ. ನಮ್ಮ ಮಾವ ತಮ್ಮ ಜೀಪು ಮಾರುವಾಗ ಹತ್ತು ಸಾವಿರ ಜಾಸ್ತಿ ಕೊಡುತ್ತೇನೆ ಅಂದವರನ್ನು ಬಿಟ್ಟು, ಗಾಡಿಯ ಕೆಳಗೆ ಬಗ್ಗಿ ನೋಡಿದ ಹುಡುಗನಿಗೇ ಕೊಟ್ಟರು.

ಮೇ ತಿಂಗಳವರೆಗೆ ಕಾಯಬೇಡ. ಮಳೆ ಹತ್ತಿರ ಬಂದ ಹಾಗೆ ನಮ್ಮ ಕಡೆ ಫೋರ್ ವೀಲಿಗೆ ಬೇಡಿಕೆ ಏರುತ್ತದೆ, ದರವೂ ಏರುತ್ತದೆ.

ಕಳಸದ ಹುಡುಗ (ಏಪ್ರಿಲ್ 14)

ಸಿಕ್ಕಿತು!

ಅಕ್ಕ ಹೇಳಿದ ಹಾಗೆ ಟೈರ್ ಅಂಗಡಿಯಲ್ಲಿ ಹೇಳಿಟ್ಟಿದ್ದೆ. ಅವರೇ ಫೋನ್ ಮಾಡಿದರು. ಶೃಂಗೇರಿ ಕಡೆಯ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು. ಕಣ್ಣಿನ ಆಪರೇಷನ್ ಆದ ಮೇಲೆ ಓಡಿಸುವುದನ್ನು ನಿಲ್ಲಿಸಿದ್ದಾರೆ. 2016ರ ಥಾರ್ ಸಿಆರ್‌ಡಿಇ, ಮೊದಲನೇ ಮಾಲೀಕರು, ಕೆಎ 18, 71 ಸಾವಿರ ಕಿಲೋಮೀಟರ್. ಹಿಂದಿನ ಆಕ್ಸಲಿಗೆ ಲಾಕಿಂಗ್ ಡಿಫರೆನ್ಷಿಯಲ್ ಇದೆ.

ನಮ್ಮೂರಿನ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿದ್ದೆ, ಒಂದು ದಿನದ ಕೂಲಿ ಸಾವಿರದ ಐನೂರು ಕೊಟ್ಟು. ಬೆಳಿಗ್ಗೆ ಏಳಕ್ಕೆ ತಲುಪಿದೆವು. ಬಾನೆಟ್ ತಣ್ಣಗಿತ್ತು, ಮೇಲೆ ಇಬ್ಬನಿ ಕೂಡ ಇತ್ತು. ಅರ್ಧ ಸುತ್ತು ತಿರುಗುವಷ್ಟರಲ್ಲಿ ಎಂಜಿನ್ ಎದ್ದಿತು. ಮುಚ್ಚಳ ಮಗುಚಿಟ್ಟೆವು, ಕುಣಿಯಲಿಲ್ಲ. ಡಿಫರೆನ್ಷಿಯಲ್ ನೋಡಬಹುದಾ ಅಂದೆ. ಮೇಷ್ಟ್ರು ಒಳಗೆ ಹೋಗಿ ಸ್ಪಾನರ್ ತಂದರು, ಜೊತೆಗೆ ಒಂದು ನೋಟ್‌ಬುಕ್ಕು. ಗ್ಯಾರೇಜಿನ ಅಣ್ಣ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಯಿತು. ಆ ನೋಟ್‌ಬುಕ್ಕಿನಲ್ಲಿ ಯಾವತ್ತು ಆಯಿಲ್ ಬದಲಾಯಿಸಿದ್ದು, ಯಾವತ್ತು ಗ್ರೀಸ್ ಹೊಡೆಸಿದ್ದು, ಎಷ್ಟು ಡೀಸೆಲ್, ಎಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ. ಪ್ರತಿ ಮಳೆಗಾಲ ಮುಗಿದ ಮೇಲೆ ಎರಡೂ ಆಕ್ಸಲಿನ ಆಯಿಲ್ ಬದಲಾಯಿಸಿದ್ದಾರೆ. ನಾನು ಆ ಪುಟಗಳನ್ನು ನೋಡುತ್ತಾ ಸುಮಾರು ಹೊತ್ತು ಕೂತೆ.

ದೋಷವೂ ಇದೆ. ಚಾಲಕನ ಕಾಲಡಿ ಸ್ವಲ್ಪ ತುಕ್ಕು, ಇನ್ನೂ ತೂತಾಗಿಲ್ಲ. ಹಿಂದಿನ ಪ್ರೊಪೆಲ್ಲರಿನ ಕ್ರಾಸ್ ಆಡುತ್ತದೆ. ಟೈರು ನಾಲ್ಕೂ ಹಳೆಯದು. ಎಡಗಡೆ ಬೂಟಿನಿಂದ ಗ್ರೀಸ್ ಒಸರುತ್ತಿದೆ. ಇದನ್ನೆಲ್ಲ ಅವರೇ ಮೊದಲು ಹೇಳಿದರು.

ಅವರ ಮನೆಯ ಹಿಂದಿನ ಏರಿಗೆ ಪೈಪಿನಲ್ಲಿ ನೀರು ಬಿಟ್ಟು ಹತ್ತಿಸಿದೆವು. ಟೂ ವೀಲಿನಲ್ಲಿ ಹಿಂದಿನ ಚಕ್ರ ಜಾರಿತು. ಫೋರ್ ವೀಲ್ ಹಾಕಿದ ಕೂಡಲೇ ಮುಂದಿನದು ಹಿಡಿದು ಎಳೆಯಿತು. ಲೋ ರೇಂಜಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಇಳಿಸಿದೆ, ಬ್ರೇಕ್ ಬೇಕಾಗಲಿಲ್ಲ.

ಏಳು ಲಕ್ಷ ಹೇಳಿದ್ದರು. ಟೈರಿನ ಲೆಕ್ಕ ತೋರಿಸಿ ಆರು ಲಕ್ಷ ಐವತ್ತು ಸಾವಿರಕ್ಕೆ ಒಪ್ಪಿದರು. ಇನ್ನೂ ಜಗ್ಗಬಹುದಿತ್ತೇನೋ, ನನಗೆ ಮನಸ್ಸಾಗಲಿಲ್ಲ. ಬಿ ಎಕ್ಸ್‌ಟ್ರಾಕ್ಟ್ ತೆಗೆಸಿದ್ದೇನೆ, ಸಾಲ ಇಲ್ಲ. ಚಾಸಿ ನಂಬರ್ ತಾಳೆಯಾಗಿದೆ.

ಮೂಡಿಗೆರೆ ಜೀಪು (ಏಪ್ರಿಲ್ 14)

ಒಳ್ಳೆ ಗಾಡಿ, ಒಳ್ಳೆ ದರ. ಆ ನೋಟ್‌ಬುಕ್ ಕೇಳಿ ತಗೊಂಡಿರಾ? ಇಲ್ಲದಿದ್ದರೆ ಇವತ್ತೇ ಫೋನ್ ಮಾಡಿ.

ಹಾಸನ ಗ್ಯಾರೇಜು (ಏಪ್ರಿಲ್ 15)

ಅಭಿನಂದನೆ ಸರ್. ಉಳಿದ ದುಡ್ಡನ್ನು ಹೀಗೆ ಹಾಕಿ. ಮೊದಲು ಬೂಟು ಮತ್ತು ಕ್ರಾಸು, ಅದು ಮಳೆಗೆ ಮುಂಚೆ ಆಗಲೇಬೇಕು. ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್, ಎಲ್ಲದರ ಆಯಿಲ್ ಒಂದೇ ಸಲ ಬದಲಾಯಿಸಿ. ಫ್ಲೋರಿನ ತುಕ್ಕು ಕೆರೆದು, ಪ್ರೈಮರ್ ಹೊಡೆದು, ಪೂರ್ತಿ ಒಣಗಿದ ಮೇಲೆ ಪೇಂಟ್. ಬಿಸಿಲು ಇರುವಾಗಲೇ ಮಾಡಿಸಿ. ಒದ್ದೆಯ ಮೇಲೆ ಪೇಂಟ್ ಹೊಡೆದರೆ ತುಕ್ಕನ್ನು ಒಳಗೆ ಇಟ್ಟು ಬೀಗ ಹಾಕಿದ ಹಾಗೆ. ಕೆಳಗಿನ ನೀರು ಹೋಗುವ ರಬ್ಬರ್ ಬಿರಡೆಗಳನ್ನು ಬಿಚ್ಚಿ ತೂತು ಸ್ವಚ್ಛ ಮಾಡಿ.

ಎಲೆಕ್ಟ್ರಿಕಲ್ ಕೆಲಸ ಏನೂ ಮುಟ್ಟಬೇಡಿ.

ಕೊಪ್ಪದ ಅಕ್ಕ (ಏಪ್ರಿಲ್ 15)

ಹಿಂದಿನ ಚಕ್ರಕ್ಕೆ ಒಂದು ಜೊತೆ ಚೈನು ಈಗಲೇ ಮಾಡಿಸಿಡು ತಮ್ಮಾ. ಹೊಸ ಟೈರ್ ಹಾಕಿದ ಮೇಲೆ ಅಳತೆ ಕೊಡು, ಸವೆದ ಹಳೆ ಟೈರಿನ ಅಳತೆಗೆ ಮಾಡಿಸಿದರೆ ಹೊಸದಕ್ಕೆ ಸರಿಯಾಗಿ ಕೂರುವುದಿಲ್ಲ. ಜುಲೈಯಲ್ಲಿ ಎಂಥ ಫೋರ್ ವೀಲ್ ಆದರೂ ನಮ್ಮ ಕೆಂಪು ಮಣ್ಣಿಗೆ ಚೈನು ಬೇಕಾಗುತ್ತದೆ. ಟಾರು ರಸ್ತೆ ಬಂದ ಕೂಡಲೇ ಬಿಚ್ಚಬೇಕು ಅಂತ ಅಪ್ಪನಿಗೆ ಹೇಳು.

ಕಳಸದ ಹುಡುಗ (ಜುಲೈ 2)

ಎರಡೂವರೆ ತಿಂಗಳಾಯಿತು, ವರದಿ ಕೊಡಬೇಕಲ್ವಾ.

ಟೈರು, ಬೂಟು, ಕ್ರಾಸು, ಆಯಿಲುಗಳು, ಫ್ಲೋರಿನ ಕೆಲಸ, ಚೈನು, ಆರ್‌ಸಿ ಮತ್ತು ಇನ್ಶೂರೆನ್ಸ್ ಸೇರಿ 88 ಸಾವಿರ ಆಯಿತು. ಬಜೆಟಿನ ಒಳಗೇ ಇದ್ದೇನೆ. ಜೂನ್ 20ರಿಂದ ಬಿಡದೆ ಮಳೆ. ಹಳ್ಳದಲ್ಲಿ ಮೊಣಕಾಲಿನ ಹತ್ತಿರ ನೀರಿದೆ. ಅಪ್ಪ ಮೊದಲ ವಾರ ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುತ್ತಿದ್ದರು, ಈಗ ಲೋ ರೇಂಜಿಗೆ ಹಾಕಿ ಕಾಲು ಕೆಳಗಿಡುವುದನ್ನು ಕಲಿತಿದ್ದಾರೆ. ಮೊನ್ನೆ ಪಕ್ಕದ ಮನೆಯ ಬಾಣಂತಿಯನ್ನು ಮಗು ಸಮೇತ ಆಸ್ಪತ್ರೆಯಿಂದ ಮನೆ ಬಾಗಿಲವರೆಗೆ ತಂದುಬಿಟ್ಟರು.

ಮೇಷ್ಟ್ರು ನಿನ್ನೆ ಫೋನ್ ಮಾಡಿದ್ದರು. ಹಳ್ಳ ದಾಟಿದ ಮೇಲೆ ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಬೇಕು, ಅಪ್ಪನಿಗೆ ಹೇಳಿದ್ದೀಯಾ ಅಂತ ಕೇಳಿದರು. ನೋಟ್‌ಬುಕ್ ಅಪ್ಪನ ಹತ್ತಿರ ಇದೆ. ಮೇಷ್ಟ್ರ ಅಕ್ಷರದ ಕೆಳಗೆ ಈಗ ಅಪ್ಪನ ಅಕ್ಷರ ಶುರುವಾಗಿದೆ.

ಒಂದು ಪ್ರಶ್ನೆ ಉಳಿದಿದೆ. ಡಿಫರೆನ್ಷಿಯಲ್ ಆಯಿಲನ್ನು ಮಳೆಗಾಲದ ನಡುವೆ ಒಮ್ಮೆ ನೋಡಬೇಕಾ, ಅಕ್ಟೋಬರಿಗೆ ನೋಡಿದರೆ ಸಾಕಾ?

ಹಾಸನ ಗ್ಯಾರೇಜು (ಜುಲೈ 2)

ದಿನಾ ಹಳ್ಳ ದಾಟುತ್ತೀರಲ್ಲ, ಆಗಸ್ಟ್ ಮೊದಲ ವಾರ ಒಮ್ಮೆ ಬೆರಳು ಹಾಕಿ ನೋಡಿ. ಜೊತೆಗೆ ಆಕ್ಸಲ್ ಮೇಲಿನ ಬ್ರೀದರ್ (ಗಾಳಿ ಆಡುವ ನಳಿಕೆ) ಮುಚ್ಚಿಹೋಗಿದೆಯಾ ನೋಡಿ. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗೆ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಬಣ್ಣ ಬದಲಾಗಿದ್ದರೆ ಅಕ್ಟೋಬರಿನವರೆಗೆ ಕಾಯದೆ ಬದಲಾಯಿಸಿಬಿಡಿ ಸರ್.